ಅರ್ಧ ಸುಲಿದ ಎಮ್ಮೆ

ನೂಲುವ ತಾಸಿನಲ್ಲಿ ನನ್ನ ಹಾಜರಿ ಸೊನ್ನೆ. ನಾನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಸೊನ್ನೆ.

ಅದು ಹೇಗೆಂದು ಹೇಳುತ್ತೇನೆ. ನಮ್ಮ ಬಿ.ಎಡ್. ಕಾಲೇಜಿಗೆ ಚರಕ ಇಡಲು ಕೋಣೆ ಇರಲಿಲ್ಲ. ಬೈಲಹೊಂಗಲದ ಒಂದು ಮಠದವರು ತಮ್ಮ ಪಡಸಾಲೆ ಬಿಟ್ಟುಕೊಟ್ಟಿದ್ದರು. ಬೇಸಿಗೆ ತರಗತಿ ನಡೆಯುವಷ್ಟು ದಿನ ಕೈಕಸಬಿನ ತಾಸು ಅಲ್ಲಿ. ಮೊದಲ ದಿನವೇ ನೂಲು ಕಲಿಸುವ ಮಾಸ್ತರರು ನನ್ನನ್ನು ಮೆಟ್ಟಿಲ ಕೆಳಗೆ ತಡೆದು ನಿಲ್ಲಿಸಿದರು.

"ನೀ ಅಲ್ಲೇ ಬೇವಿನ ಗಿಡದ ಕೆಳಗ ಕುಂತು ತಕಲಿ ತಿರುಗಸವಾ. ಒಳಗ ಬರೂದು ಬ್ಯಾಡ" ಎಂದರು.

ಕುಳಿತೆ. ಬಿಸಿಲು ಸರಿದ ಹಾಗೆ ನಾನೂ ಸರಿಯುತ್ತಿದ್ದೆ. ಗಾಳಿಗೆ ಎಳೆ ಹರಿಯುತ್ತಿತ್ತು. ಬೆರಳು ಸೀಳಿ ರಕ್ತ ಬಂದರೂ ತಿರುಗಿಸುತ್ತಿದ್ದೆ. ಹಾಜರಿ ಮಾತ್ರ ಒಳಗೆ ಕೂಗುತ್ತಿದ್ದರು. ನನ್ನ ಹೆಸರು ಬಂದಾಗ ಅಂಗಳದಿಂದಲೇ "ಅದೀನ್ರಿ ಸರ್" ಎಂದು ಒದರುತ್ತಿದ್ದೆ. ಆ ಬೇಸಿಗೆ ಮುಗಿದ ಮೇಲೆ ತಿಳಿಯಿತು, ನಾನು ಒದರಿದ್ದೆಲ್ಲ ಗಾಳಿಗೆ. ನಿಯಮದಲ್ಲಿ ವರ್ಗದ ಕೋಣೆ ಎಂದಿದೆಯಂತೆ, ಗಿಡದ ಕೆಳಗೆ ಎಂದು ಇಲ್ಲವಂತೆ. ಒಳಗೆ ಬಿಡದವರೂ ಅವರೇ, ಒಳಗಿರಲಿಲ್ಲ ಎಂದು ಬರೆದವರೂ ಅವರೇ.

ನಾನು ಕಾಡವ್ವ. ಕಿತ್ತೂರ ಹತ್ತಿರ ದೇಗಾಂವದ ಮಾದರ ಓಣಿಯವಳು. ಬಿ.ಎ. ಮುಗಿಸಿ ದೊಡವಾಡದ ಕಡೆ ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದೆ. ಹುಡುಗರು ಹೆಣ್ಣು ಮಾಸ್ತರರಿಗೆ ಅನ್ನುವ ಹಾಗೆ 'ಬಾಯಾರ' ಎಂದು ಕರೆಯುತ್ತಿದ್ದರು. ನಮ್ಮ ಓಣಿಯ ಹೆಣ್ಣೊಬ್ಬಳನ್ನು ಊರ ಮಕ್ಕಳು ಹಾಗೆ ಕರೆದದ್ದು ಅದೇ ಮೊದಲು. ಅದರ ರುಚಿ ನನಗೆ ಹತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಸಂಸ್ಥೆಯವರು ಖಡಾಖಂಡಿತ ಹೇಳಿದ್ದರು: ಎಪ್ಪತ್ತನಾಲ್ಕರ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಬಿ.ಎಡ್. ಆಗಿರಬೇಕು, ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು.

ಬೇಸಿಗೆ ಬಿ.ಎಡ್. ಎಂದರೆ ಕೆಲಸದಲ್ಲಿರುವ ಮಾಸ್ತರರಿಗಾಗಿ ಮಾಡಿದ್ದು. ಎರಡು ಬೇಸಿಗೆ, ಒಂದರ ಬೆನ್ನಿಗೆ ಒಂದು. ಎರಡೂ ಬೇಸಿಗೆ ಕೂಡಿ ಎಲ್ಲ ವಿಷಯಗಳಲ್ಲೂ ಹಾಜರಿ ತುಂಬಬೇಕು. ಕೊನೆಗೆ ಒಂದರಲ್ಲಿ ಕಡಿಮೆ ಬಿದ್ದರೂ ಹೆಸರು ಹೊಡೆದು ಹಾಕುತ್ತಾರೆ, ಮತ್ತೆ ಮೊದಲಿನಿಂದ ಶುರು. ಎಪ್ಪತ್ತನಾಲ್ಕರ ಬೇಸಿಗೆ ನನ್ನ ಎರಡನೆಯದು. ಆಗಲೂ ಅದೇ ಮಠ, ಅದೇ ಮೆಟ್ಟಿಲು, ಅದೇ ಬೇವಿನ ಗಿಡ.

ಆ ವರ್ಷ ಒಂದು ಹೊಸ ನಿಯಮ ಬಂತು. ಯಾರ ಮನೆತನದಲ್ಲಿ ಒಂದು ಕೈಕಸಬು ನಡೆದುಬಂದಿದೆಯೋ ಅವರಿಗೆ ನೂಲುವ ತಾಸಿನಿಂದ ವಿನಾಯಿತಿ, ಎರಡೂ ಬೇಸಿಗೆಯದು. ಪ್ರಿನ್ಸಿಪಾಲರಿಗೆ ಮನವರಿಕೆಯಾಗಬೇಕು, ಅಷ್ಟೇ. ಅದನ್ನು ಓದಿ ಹೇಳಿದ ದಿನ ನಾನು ಹುಚ್ಚಿಯ ಹಾಗೆ ಖುಷಿಪಟ್ಟೆ. ಕಸಬು ಇಲ್ಲದವರು ನಮ್ಮ ಓಣಿಯಲ್ಲಿ ಯಾರಿದ್ದಾರೆ?

ಪ್ರಿನ್ಸಿಪಾಲರ ಕೋಣೆಯ ಮುಂದೆ ಸಾಲು ಹಚ್ಚಿದೆವು. ರಾಮದುರ್ಗದ ವೀರಪ್ಪ ನನ್ನ ಮುಂದಿದ್ದ. ಅವರ ಮನೆಯಲ್ಲಿ ಮಗ್ಗಗಳಿದ್ದವು, ನೇಯುವವರು ಕೂಲಿಯವರು. ಲಾಳಿ ಯಾವ ಕೈಯಿಂದ ಒಗೆಯಬೇಕೋ ತನಗೆ ಗೊತ್ತಿಲ್ಲ ಎಂದು ಅವನೇ ನಕ್ಕು ಹೇಳಿದ. ಒಳಗೆ ಹೋಗಿ ಬಂದ, ವಿನಾಯಿತಿ ಆಯಿತು. ಸವದತ್ತಿಯ ರಾಚವ್ವನ ಮನೆಯಲ್ಲಿ ಹೊಲಿಗೆ ಯಂತ್ರ ಇತ್ತು. ಅದರ ಮೇಲೆ ರೇಡಿಯೋ ಇಟ್ಟಿದ್ದರಂತೆ. ಅವಳಿಗೂ ಆಯಿತು. ಹೊಲದ ಕೆಸರು ಕಾಣದವರೆಲ್ಲ ಒಕ್ಕಲುತನ ಎಂದರು, ಅವರಿಗೂ ಆಯಿತು.

ಪ್ರಿನ್ಸಿಪಾಲ ನಿಜಗುಣಪ್ಪನವರು ಎಲ್ಲರಿಗೂ 'ಬರ್ರಿ, ಕುಂದರ್ರಿ' ಎನ್ನುವ ಮನುಷ್ಯ. ನನಗೆ ಮಾತ್ರ ಆ ಬಹುವಚನ ಅವರ ಬಾಯಿಂದ ಎಂದೂ ಬೀಳಲಿಲ್ಲ.

"ನಿಂದೇನ?" ಎಂದರು.

"ಚರ್ಮದ ಕೆಲಸರಿ ಸರ್. ನಮ್ಮಪ್ಪ ಕೆರಾ ಹೊಲಿತಾನ್ರಿ. ನಾನೂ ದಾರಾ ಹಾಕತೇನ್ರಿ."

ಗುಮಾಸ್ತ ಮೂಗಿಗೆ ಕೈ ಹಚ್ಚಿ ನಕ್ಕ. ನಿಜಗುಣಪ್ಪನವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಚರ್ಮ ಎಲ್ಲಿಂದ ಬರತೈತಿ?"

"ಪ್ಯಾಟಿಯಿಂದ ತರತೇವ್ರಿ."

"ಹಂಗಾದ್ರ ಅದು ಯಾಪಾರ ಆತು. ನಿಮ್ಮ ಮನಿತನದ ಕಸಬು ಅಂದ್ರ ಸುಲಿಯೂದು. ನೀ ಅದನ್ನ ಮಾಡಿ ತೋರಿಸಬೇಕಲ್ಲ? ನನಗ ಮನವರಿಕಿ ಹೆಂಗಾಗಬೇಕು?"

"ವೀರಪ್ಪನೋರಿಗೆ ಮಗ್ಗಾ ತರ್ರಿ ಅಂತ ಹೇಳಲಿಲ್ರಿ ಸರ್."

"ಏ, ಅವ್ರ ಜೋಡಿ ಸರಿಗಟ್ಟಬ್ಯಾಡ. ಅವ್ರ ಮಾರಿ ನೋಡಿದ್ರ ಸಾಕು, ಖರೇ ಅಂತ ಗೊತ್ತಾಗತೈತಿ."

ನನ್ನ ಮಾರಿ ನೋಡಿದರೆ ಏನು ಗೊತ್ತಾಗುತ್ತಿತ್ತೋ ಅದೂ ನನಗೆ ಗೊತ್ತಾಯಿತು. ಹೊರಗೆ ಬಂದೆ.

ಅದೇ ವಾರ ಹಾಸ್ಟೆಲಿನ ಎಮ್ಮೆ ಸತ್ತಿತು. ದೊಡ್ಡ ಎಮ್ಮೆ, ಅದರ ಹಾಲಿನಲ್ಲಿ ಎಲ್ಲರಿಗೂ ಚಹಾ ಆಗುತ್ತಿತ್ತು. ನಾನು ಹಾಸ್ಟೆಲಿನಲ್ಲಿ ಇರಲಿಲ್ಲ, ಜಾಗ ಇಲ್ಲ ಎಂದಿದ್ದರು. ಬೈಲಹೊಂಗಲದ ನಮ್ಮವರ ಓಣಿಯಲ್ಲಿ ದೊಡ್ಡಮ್ಮ ಮಾಯವ್ವನ ಮನೆಯಲ್ಲಿ ಮಲಗುತ್ತಿದ್ದೆ. ಎಮ್ಮೆ ಎಳೆಯಲು ಕಾಲೇಜಿನಿಂದ ಆ ಓಣಿಗೆ ಆಳು ಬಂದ. ಓಣಿಯವರು ಬರುವುದಿಲ್ಲ ಎಂದರು. ಹಿಂದಿನ ವರ್ಷವೇ ಅವರು ಸತ್ತ ದನ ಎಳೆಯುವುದನ್ನು ಬಿಟ್ಟಿದ್ದರು. ದೇಗಾಂವದಲ್ಲಿ ನಮ್ಮವರು ಅದಕ್ಕೂ ಮೊದಲು ಬಿಟ್ಟಿದ್ದರು. ಎಲ್ಲವ್ವ ದೇವಿಯ ಅರಿಶಿನದ ಬಂಡಾರ ಮುಟ್ಟಿ ಇಡೀ ಓಣಿ ಆಣೆ ಮಾಡಿತ್ತು. ಬಂಡಾರದ ತಟ್ಟೆ ಹಿಡಿದು ಮನೆಮನೆಗೆ ಹೋಗಿ ಆಣೆ ಮಾಡಿಸಿದವನು ನಮ್ಮಪ್ಪ ಶಂಕ್ರೆಪ್ಪ. ಅದಕ್ಕಾಗಿ ಊರವರು ನಮಗೆ ಕೂಲಿ ಕೊಡುವುದನ್ನು ನಿಲ್ಲಿಸಿದರು. ಹೊಟ್ಟೆಗೆ ತಣ್ಣೀರ ಬಟ್ಟೆ ಕಟ್ಟಿಕೊಂಡರೂ ಓಣಿಯ ಒಬ್ಬನೂ ಹಗ್ಗ ಮುಟ್ಟಲಿಲ್ಲ.

ಹಾಲು ಇರುವ ತನಕ ಎಮ್ಮೆ ಅವರದು. ಸತ್ತ ಮೇಲೆ ನಮ್ಮದು. ಈ ಲೆಕ್ಕ ಯಾವ ಸಾಲಿಯಲ್ಲೂ ಕಲಿಸಬೇಕಾಗಿಲ್ಲ.

ನಿಜಗುಣಪ್ಪನವರು ನನ್ನನ್ನು ಕರೆಸಿದರು.

"ನಿನ್ನ ದೈವ ಚಲೋ ಐತಿ ನೋಡು. ಪರೀಕ್ಷಾ ತಾನಽ ನಡಕೊಂಡು ಬಂದೈತಿ. ನಾಳಿ ಮುಂಜಾನಿ ಅದನ್ನ ಸುಲದು ತೋರಸು. ಎಲ್ಲಾರೂ ಕುಂತು ನೋಡತೇವಿ. ಮಾಫಿ ಅಲ್ಲೇ ಬರದುಕೊಡತೇನಿ."

"ನಮ್ಮ ಹೆಣ್ಮಕ್ಕಳು ಅದನ್ನ ಮಾಡೂದಿಲ್ರಿ ಸರ್. ಗಂಡಸರು ಮಾಡತಿದ್ರು. ಈಗ ಅವರೂ ಬಿಟ್ಟಾರ್ರಿ."

"ನಿಮ್ಮ ಹೆಣ್ಮಕ್ಕಳು ಬಿ.ಎಡ್.ನೂ ಮಾಡೂದಿಲ್ಲ. ನೀ ಬಂದೀಯಲ್ಲ?"

"ಆಗೂದಿಲ್ರಿ" ಎಂದೆ.

"ಆಗೂದಿಲ್ಲಂದ್ರ ಸೊನ್ನಿ. ಸೊನ್ನಿ ಅಂದ್ರ ಹೆಸರ ಹೊಡಿಯೂದು. ನಡಿ."

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಅನ್ನಲಿ. ನಾನು ಮೇಲಿನವರಿಗೆ ಅರ್ಜಿ ಬರೆಯುವುದೆಂದು ಗಟ್ಟಿ ಮಾಡಿಕೊಂಡು ಓಣಿಗೆ ಹೋದೆ. ಅತ್ತ ನಿಜಗುಣಪ್ಪನವರು ಸುಮ್ಮನೆ ಕೂರಲಿಲ್ಲ. ಜವಾನ ಬೀರಪ್ಪನನ್ನು ಅವತ್ತೇ ಬಸ್ಸು ಹತ್ತಿಸಿ ದೇಗಾಂವಕ್ಕೆ ಅಟ್ಟಿದ್ದರು. ಹೇಳಿ ಕಳಿಸಿದ ಮಾತು ಇಷ್ಟೇ: 'ನಿನ್ನ ಮಗಳಿಗೆ ಮನಿ ಕಸಬಿನ ಪರೀಕ್ಷಾ ಐತಿ. ಚೂರಿ, ಹಗ್ಗಾ ತಗೊಂಡು ಬಾ. ಬರದಿದ್ರ ಆಕಿ ನಾಪಾಸು.'

ಮರುದಿನ ಮುಂಜಾನೆ ಕಾಲೇಜಿನ ಗೇಟಿನಲ್ಲಿ ಅಪ್ಪ ನಿಂತಿದ್ದ. ಮಗಳ ಪರೀಕ್ಷೆ ಎಂದು ಒಗೆದ ಧೋತರ ಉಟ್ಟಿದ್ದ. ಲಗ್ನಕ್ಕೆ ಸುತ್ತುವ ರುಮಾಲು ಸುತ್ತಿದ್ದ. ಹೆಗಲ ಮೇಲೆ ಹಗ್ಗ, ಕಂಕುಳಲ್ಲಿ ಚಿಂದಿ ಸುತ್ತಿದ ಚೂರಿ. ಓಡಿ ಹೋಗಿ ಅಡ್ಡ ನಿಂತೆ.

"ಅಪ್ಪಾ, ಯಾಕ ಬಂದಿ? ಹೊಳ್ಳಿ ನಡಿ" ಎಂದೆ.

"ಪರಪ್ಪಗ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮಾಡಿ ಹೋಗಿಬಿಡತೇನಿ."

ಪರಪ್ಪ ನಮ್ಮ ಓಣಿಯ ಹಿರಿಯ.

"ಬಂಡಾರ ಮುಟ್ಟಿ ಆಣಿ ಮಾಡೀಯಪ್ಪಾ ನೀ!"

"ಆಣಿ ಮುರದ ಪಾಪ ನನಗಿರ್ಲಿ. ನೀ ಸಾಲಿ ಬಿಡಬ್ಯಾಡ."

"ಪರೀಕ್ಷಾ ನಂದು. ನೀ ಮಾಡಿದ್ರ ನನ್ನ ಲೆಕ್ಕಕ್ಕ ಹತ್ತೂದಿಲ್ಲ."

ಅಪ್ಪ ನಕ್ಕ. "ಹುಚ್ಚಿ ಅದಿ. ಮನಿ ಕಸಬು ಅಂತ ಅವರಽ ಹೇಳಿ ಕಳಿಸ್ಯಾರ. ಮನಿಯಿಂದ ಯಾರ ಬಂದ್ರೇನ? ಪಾಳಿ ತೀರತೈತಿ."

ಅವನ ತಪ್ಪಲ್ಲ ಅದು. ನಮ್ಮಲ್ಲಿ ಪಾಳಿ ಬರುವುದು ಮನೆಗೆ, ಮನುಷ್ಯನಿಗಲ್ಲ. ಊರ ಚಾಕರಿಯೆಲ್ಲ ಹಾಗೇ ನಡೆದದ್ದು. ಚಾವಡಿ ಗುಡಿಸಲು ಗಂಡ ಹೋಗದಿದ್ದರೆ ಹೆಂಡತಿ ಹೋಗುತ್ತಾಳೆ. ಅಪ್ಪನಿಗೆ ಜ್ವರ ಬಂದರೆ ಮಗ ಹಲಗೆ ಬಾರಿಸುತ್ತಾನೆ. ಯಾರು ಹೋದರು ಎಂದು ಗೌಡ ಕೇಳುವುದಿಲ್ಲ, ಮನೆಯ ಪಾಳಿ ತೀರಿತು ಎನ್ನುತ್ತಾನೆ. ಜೀವಮಾನವಿಡೀ ಹಾಗೆ ದುಡಿದ ಅಪ್ಪ ಬಿ.ಎಡ್. ಪರೀಕ್ಷೆಯೂ ಹಾಗೇ ಎಂದುಕೊಂಡ. ಅವನು ಹಾಗೆ ಅಂದುಕೊಳ್ಳುತ್ತಾನೆ ಎಂದು ನಿಜಗುಣಪ್ಪನವರಿಗೆ ಗೊತ್ತಿತ್ತು. ಅವರ ಮನೆಯ ಚಾಕರಿಯನ್ನೂ ಇಂಥವರೇ ಪಾಳಿಯ ಮೇಲೆ ಮಾಡಿದ್ದರು.

ನಾನು ಪ್ರಿನ್ಸಿಪಾಲರ ಕೋಣೆಗೆ ಓಡಿದೆ. "ನಮ್ಮಪ್ಪ ಮಾಡಿದ್ರ ನನಗ ಹತ್ತತೈತೇನ್ರಿ? ಈಗಽ ಹೇಳ್ರಿ" ಎಂದು ಕೇಳಿದೆ.

"ಮೊದಲ ಕೆಲಸಾ ಆಗ್ಲಿ. ಆಮ್ಯಾಲ ನೋಡೂಣು" ಎಂದು ಕೋಟು ಹಾಕಿಕೊಂಡರು.

ನಾನು ತಿರುಗಿ ಬರುವಷ್ಟರಲ್ಲಿ ಬೀರಪ್ಪ ಅಪ್ಪನನ್ನು ಹಾಸ್ಟೆಲಿನ ಹಿಂದಕ್ಕೆ ಕರೆದೊಯ್ದಿದ್ದ. ಅಪ್ಪ ಎಮ್ಮೆಯ ಕಾಲಿಗೆ ಹಗ್ಗ ಬಿಗಿದಾಗಿತ್ತು.

ಆ ಎಮ್ಮೆ ಉಬ್ಬಿತ್ತು. ನಾಲ್ಕು ಜನ ಎಳೆಯುವ ಹೆಣ. ಅಪ್ಪ ಒಬ್ಬನೇ ಹಗ್ಗವನ್ನು ಹೆಗಲಿಗೆ ಹಾಕಿ ಬಗ್ಗಿದ. ಕೊರಳ ನರ ಹುರಿಗಟ್ಟಿದವು. ಒಗೆದ ಧೋತರ ಮಣ್ಣಾಯಿತು. ಒಮ್ಮೆ ಮೊಣಕಾಲ ಮೇಲೆ ಬಿದ್ದ, ಎದ್ದ, ಮತ್ತೆ ಎಳೆದ. ನಾನು ಹೋಗಿ ಅವನ ರಟ್ಟೆ ಹಿಡಿದೆ. ಕೊಸರಿಕೊಂಡ. "ದೂರ ನಿಲ್ಲು. ನಿನ್ನ ಸೀರಿಗೆ ಹತ್ತತೈತಿ" ಎಂದ.

ಇಡೀ ಬ್ಯಾಚು ಬಂದು ಕುಳಿತಿತು. ನಾವು ಪಾಠ ಹೇಳುವಾಗ ಹಿಂದೆ ಕುಳಿತು ತಪ್ಪು ಬರೆದುಕೊಳ್ಳುತ್ತಾರಲ್ಲ, ಹಾಗೇ ವಹಿ ಹಿಡಿದು ಕುಳಿತರು. ಮೂಗಿಗೆ ಕರ್ಚೀಫು. ನಿಜಗುಣಪ್ಪನವರಿಗೆ ಗಾಳಿ ಬೀಸುವ ಕಡೆ ಕುರ್ಚಿ ಹಾಕಿದ್ದರು.

ಅಪ್ಪ ಚೂರಿ ಬಿಚ್ಚಿದ. ಬಿಟ್ಟು ವರ್ಷಗಳಾದ ಕೆಲಸ. ಕಣ್ಣು ಮೊದಲಿನ ಹಾಗೆ ಕಾಣುತ್ತಿರಲಿಲ್ಲ. ಹೊಟ್ಟೆಯ ಮೇಲೆ ಗೆರೆ ಎಳೆಯುವಾಗ ಚೂರಿ ಜಾರಿ ಚರ್ಮ ತೂತಾಯಿತು. ಒಳಗಿನ ಗಾಳಿ ಬುಸ್ಸೆಂದು ಅವನ ಮುಖಕ್ಕೇ ಹೊಡೆಯಿತು. ಅವನು ಅತ್ತ ತಿರುಗಿ ಓಕರಿಸಿದ.

"ಮುದುಕನ ಕೈಗೆ ಕಸಬು ಮರತೈತಿ" ಎಂದು ವೀರಪ್ಪ ಅಂದ. ಎಲ್ಲರೂ ನಕ್ಕರು.

"ಏ, ಚರ್ಮ ಹಾಳ ಮಾಡಬ್ಯಾಡೋ" ಎಂದು ನಿಜಗುಣಪ್ಪನವರು ಕೂಗಿದರು.

"ಇಲ್ರೀ ಎಪ್ಪಾ, ಇಲ್ರೀ" ಎನ್ನುತ್ತ ಅಪ್ಪ ಮತ್ತೆ ಬಗ್ಗಿದ. ಬಿಸಿಲು ಏರಿತು. ನೊಣ ಮುತ್ತಿದವು, ಅವನ ಕಣ್ಣಿನ ಮೇಲೂ ಕುಳಿತವು. ಓಡಿಸಲು ಕೈ ಖಾಲಿ ಇರಲಿಲ್ಲ. ನೀರು ಕೇಳಿದ. ಬೀರಪ್ಪ ಕೊಡ ಎತ್ತಿ ಮೇಲಿನಿಂದ ಸುರಿದ. ಅಪ್ಪ ಅದೇ ರಕ್ತದ ಕೈಗಳನ್ನು ಬೊಗಸೆ ಮಾಡಿ ಕುಡಿದ. ನಾನು ನೋಡುತ್ತ ನಿಂತಿದ್ದೆ. ಅವರೆಲ್ಲರನ್ನೂ ಅಲ್ಲೇ ಹೂಳಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಒಂದು ಮಗ್ಗುಲು ಸುಲಿದಾಯಿತು. ಅಪ್ಪ ಸೊಂಟ ನೆಟ್ಟಗೆ ಮಾಡಿ ಕುರ್ಚಿಯ ಕಡೆ ಕೈ ಮುಗಿದ.

"ಸಾಹೇಬ್ರ, ನನ್ನ ಮಗಳು ಪಾಸ್ ಆದ್ಲಲ್ರೀ?"

"ಮುಗಸು ಮೊದಲ."

ನಾನು ಮುಂದೆ ಬಂದೆ. "ಈಗ ಹೇಳ್ರಿ ಸರ್. ಎಲ್ಲಾರ ಮುಂದ ಹೇಳ್ರಿ."

ನಿಜಗುಣಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಯಮ ನಾ ಮಾಡಿದ್ದಲ್ಲ. ವಿನಾಯಿತಿ ಬೇಡಿದ ಅಭ್ಯರ್ಥಿ ಖುದ್ದ ಮಾಡಬೇಕು. ಅಪ್ಪ ಮಾಡಿದ್ದು ಅಪ್ಪಗ."

ಅಪ್ಪನಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದ. "ಏನಂದ್ರವಾ?"

"ನೀ ಮಾಡಿದ್ದು ನನಗ ಹತ್ತೂದಿಲ್ಲಂತ."

"ಮನಿ ಒಂದಽ ಅಲ್ರೀ ಸಾಹೇಬ್ರ?"

"ಮನಿ ಒಂದಽ. ಹಾಜರಿ ಒಬ್ಬೊಬ್ಬರದು" ಎಂದರು ನಿಜಗುಣಪ್ಪನವರು. ಆಮೇಲೆ ದಯೆ ತೋರಿಸುವವರ ಹಾಗೆ ನನ್ನ ಕಡೆ ತಿರುಗಿದರು. "ಇನ್ನೂ ಅರ್ಧಾ ಐತಿ. ಅದನ್ನ ನೀ ಸುಲಿ. ಮಾಫಿ ಈಗಽ ಕೊಡತೇನಿ. ನಾ ಮಾತಿಗೆ ತಪ್ಪಾಂವಲ್ಲ."

ವಹಿ ಹಿಡಿದವರು ಮುಂದಕ್ಕೆ ಬಾಗಿದರು. ಅಪ್ಪ ಚೂರಿಯನ್ನು ತಿರುಗಿಸಿ ಹಿಡಿ ನನ್ನ ಕಡೆ ಮಾಡಿ ಚಾಚಿದ. ಅವನ ಕಣ್ಣಲ್ಲಿ ನೀರಿತ್ತು.

"ಹಿಡಿಯವಾ. ನಾ ಕೈ ಹಿಡದು ತೋರಸ್ತೇನಿ. ಒಂದ ತಾಸು ಕಣ್ಣ ಮುಚ್ಚಿದ್ರ ಆತು. ಹುಡುಗೂರು ಬಾಯಾರ ಅಂತಾವ ನಿನ್ನ."

ಆ ಒಂದು ಮಾತಿಗೆ ನನ್ನ ಕೈ ಮುಂದೆ ಹೋಯಿತು. ಚೂರಿ ಹಿಡಿದೆ. ಹಿಡಿಗೆ ರಕ್ತ ಅಂಟಿತ್ತು, ಅಪ್ಪನ ಕೈಯ ಬಿಸಿ ಇತ್ತು. ಯಾರೋ ಹಿಂದಿನಿಂದ "ಹಾಂ" ಎಂದರು. ನಿಜಗುಣಪ್ಪನವರ ತುಟಿಯಲ್ಲಿ ನಗೆ ಮೂಡಿತು. ಆ ನಗೆ ನೋಡಿದೆ. ಇವತ್ತು ಇದನ್ನು ಸುಲಿದರೆ ಮುಂದೆ ನಾನು ಯಾವ ಹುಡುಗನಿಗೆ ಯಾವ ಪಾಠ ಹೇಳಿದರೂ ಈ ನಗೆ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತದೆ.

ಚೂರಿಯನ್ನು ಮಣ್ಣಿನಲ್ಲಿ ತಿಕ್ಕಿ ಒರೆಸಿದೆ. ಚಿಂದಿ ಸುತ್ತಿದೆ.

"ಅಪ್ಪಾ, ಕೈ ತೊಳಕೋ. ಊರಿಗೆ ಹೋಗೂಣು."

"ಏ!" ನಿಜಗುಣಪ್ಪನವರು ಎದ್ದು ನಿಂತರು. "ಅರ್ಧಾ ಸುಲದು ಬಿಟ್ಟು ಹೋದ್ರ ಇದನ್ನ ಯಾರ ಮಾಡಬೇಕು?"

"ನಮ್ಮ ಮನಿ ಪಾಳಿ ತೀರಿತು. ಉಳದದ್ದು ನಿಮ್ಮ ಮನಿ ಪಾಳಿ. ಯಾರರೆ ಬರ್ರಿ, ನೀವು ಬರ್ರಿ, ನಿಮ್ಮ ಮಗಾ ಬರ್ಲಿ. ಸುಲೀರಿ."

"ನಾಲಿಗಿ ಬಿಗಿ ಹಿಡಿ! ಹೆಸರ ಹೊಡಸ್ತೇನಿ!"

"ಹೊಡೀರಿ. ನಾ ಹೆಣಾ ಸುಲಿಯೂದಿಲ್ಲ. ನಮ್ಮಪ್ಪನೂ ಸುಲಿಯೂದಿಲ್ಲ."

ಅಪ್ಪನ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ಅವನು ತಿರುತಿರುಗಿ ನೋಡುತ್ತ, "ತಪ್ಪಾತ್ರೀ ಎಪ್ಪಾ, ಸಣ್ಣಾಕಿ ಅದಾಳ್ರಿ" ಎಂದು ಕೈ ಮುಗಿಯುತ್ತಲೇ ಇದ್ದ. ಗೇಟು ದಾಟುವ ತನಕ ಮುಗಿದ. ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರಲಿಲ್ಲ.

ದೇಗಾಂವಕ್ಕೆ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಓಣಿ ಕೂಡಿತ್ತು. ಅಪ್ಪನಿಗೆ ಧೋತರ ಬದಲಿಸಲೂ ಬಿಡಲಿಲ್ಲ.

"ಶಂಕ್ರೆಪ್ಪ, ಬಂಡಾರದ ತಟ್ಟಿ ಹಿಡದಾಂವ ನೀನು" ಎಂದ ಪರಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. "ನನ್ನ ಮೊಮ್ಮಗ ಹಸದು ಸತ್ತಾಗೂ ನಾ ಹಗ್ಗಾ ಮುಟ್ಟಲಿಲ್ಲೋ."

ನಾನು ಎಲ್ಲ ಹೇಳಿದೆ, ಮೋಸ ಮಾಡಿದರು ಎಂದೆ, ಅರ್ಧಕ್ಕೇ ಬಿಟ್ಟು ಬಂದೆವು ಎಂದೆ. ಕೇಳಿದರು. ಆದರೆ ಆಣೆ ಅರ್ಧ ಮುರಿಯುವುದಿಲ್ಲ. ನಮ್ಮ ಮನೆಗೆ ಬೆಂಕಿ, ನೀರು, ಮಾತು ಬಂದ್ ಆಯಿತು. ಅವ್ವ ಶೆಟ್ಟೆವ್ವ ದೂರದ ಹಳ್ಳದಿಂದ ಕೊಡ ಹೊತ್ತು ತರತೊಡಗಿದಳು. ಅಪ್ಪ ಕೆರ ಹೊಲಿಯುವುದನ್ನೂ ಬಿಟ್ಟು ಗೋಡೆಗೆ ಒರಗಿ ಕುಳಿತ.

ನಾನು ಕೆಲವು ದಿನ ಬಿಟ್ಟು ಬೈಲಹೊಂಗಲಕ್ಕೆ ಹೋದೆ. ಹೆಸರು ಹೊಡೆದ ಬಗ್ಗೆ ಬರೆದುಕೊಡಿರಿ, ಅರ್ಜಿ ಹಾಕಿಕೊಳ್ಳುತ್ತೇನೆ ಎಂದು ಕೇಳಬೇಕಾಗಿತ್ತು. ಕಾಲೇಜು ಮುಚ್ಚಿತ್ತು. ದೂರದಿಂದಲೇ ನಾತ ಹೊಡೆಯಿತು. ಚರ್ಮ ಅರ್ಧ ತೆಗೆದ ಹೆಣ ಆ ಬಿಸಿಲಿಗೆ ಹುಳ ಬಿದ್ದು ಹರಿದಿತ್ತು. ನಾಯಿಗಳು ಕರುಳನ್ನು ಹಾಸ್ಟೆಲಿನ ಕಟ್ಟೆಯ ತನಕ ಎಳೆದು ತಂದಿದ್ದವು. ಅದನ್ನು ಮುಟ್ಟುವವರು ಯಾರೂ ಸಿಕ್ಕಿರಲಿಲ್ಲ. ವಾಂತಿ, ಜ್ವರ ಶುರುವಾಗಿ ಎಲ್ಲರೂ ಊರಿಗೆ ಓಡಿದ್ದರು.

ನಿಜಗುಣಪ್ಪನವರ ಮನೆಗೆ ಹೋದೆ. ಅಂಗಳದಲ್ಲೇ ನಿಲ್ಲಿಸಿ ಮಾತಾಡಿದರು. ಉಳಿದ ದಿನಗಳ ಹಾಜರಿಯನ್ನು ಎಲ್ಲರಿಗೂ ಮಾಫಿ ಮಾಡಿಸಿದ್ದೇನೆ, ಪಾಪ, ಅವರ ತಪ್ಪೇನಿದೆ, ನಾತದಲ್ಲಿ ಕೂರಲು ಆಗುತ್ತದೆಯೇ ಎಂದರು. ಪರೀಕ್ಷೆಗೆ ಕೂರಲು ಎಲ್ಲರಿಗೂ ಒಪ್ಪಿಗೆ ಕೊಟ್ಟಾಗಿತ್ತು. ದೊಡವಾಡದ ಕಡೆಯ ನನ್ನ ಜಾಗ ರಾಚವ್ವನಿಗೆ ನಿಕ್ಕಿಯಾಗಿತ್ತು.

"ಎಲ್ಲಾರಿಗೂ ಮಾಫಿ ಅಂದ್ರ ನನಗೂ ಮಾಫಿ ಆಗಬೇಕಲ್ರಿ?" ಎಂದೆ.

"ಮಾಫಿ ಹೆಸರಿದ್ದವರಿಗೆ. ನಿನ್ನ ಹೆಸರ ಎಲ್ಲೈತಿ?"

ಊರಿಗೆ ಬಂದೆ. ಅಪ್ಪ ಗೋಡೆಗೆ ಒರಗಿಯೇ ಇದ್ದ. ಅವ್ವ ಎಲ್ಲಿಂದಲೋ ಕೆಂಡ ತಂದು ಒಲೆ ಊದುತ್ತಿದ್ದಳು.

"ಏನಾತವಾ?" ಎಂದು ಕೇಳಿದ.

"ಅವರಿಗೆಲ್ಲಾ ಮಾಫಿ ಆತು. ನನಗ ಆಗಲಿಲ್ಲ."

"ಅವರಿಗೆ ಯಾತಕ್ಕ ಆತು?"

"ನೀ ಸುಲದ ಎಮ್ಮಿ ನಾತಾ ಹೊಡೀತಂತ. ಸಾಲಿ ಮುಚ್ಚಿ ಪೂರಾ ಹಾಜರಿ ಕೊಟ್ಟಾರ."

ಅಪ್ಪ ತನ್ನ ಎರಡೂ ಅಂಗೈ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದ.

"ಹಂಗಾದ್ರ ಅವರನ್ನೆಲ್ಲಾ ಪಾಸ್ ಮಾಡಿಸಿದಾಂವ ನಾನಽ" ಎಂದ.